ಗಂಟಲಿನ ಮೇಲೆ ಹೊರಿಸಿದ ಅಪವಾದ

ಸಹನಾ, ಚೈತ್ರಾ, ಪ್ರಜ್ವಲ, ಮೂವರೂ ಒಟ್ಟಿಗೆ ಕೂತು ಓದಿ. ಒಬ್ಬರು ಓದಿ ಇನ್ನಿಬ್ಬರಿಗೆ ಹೇಳುವುದು ಬೇಡ. ಹೇಳುವಾಗ ನಗು ಬಂದು ಅರ್ಧ ಬಿಟ್ಟುಹೋಗುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ: ನನ್ನ ಗಂಟಲಿಗೆ ಎಂದೂ ಏನೂ ಆಗಿರಲಿಲ್ಲ.

ಚೈತ್ರಾ, ನೀನು ಕಾಲೇಜಿನಿಂದ ಬರುವಾಗಲೆಲ್ಲ ತಂದುಕೊಡುತ್ತಿದ್ದ ಚೀಪುವ ಗುಳಿಗೆಗಳನ್ನು ನಾನು ಒಂದೂ ಬಿಡದೆ ಚೀಪಿದ್ದೇನೆ, ರುಚಿಯಾಗಿದ್ದವು. ಪ್ರಜ್ವಲ, ನೀನು ತಂದ ಹಬೆಯ ಯಂತ್ರಕ್ಕೆ ಮುಖವೊಡ್ಡಿ ಟವೆಲ್ ಹೊದ್ದು ಕೂತಿದ್ದೇನೆ; ಮುಖಕ್ಕೆ ಒಳ್ಳೆಯ ಹೊಳಪು ಬಂತು. ಗಂಟಲು ಮಾತ್ರ ಗುಣವಾಗಲಿಲ್ಲ. ಇಲ್ಲದ ರೋಗ ಗುಣವಾಗುವುದು ಹೇಗೆ? ರೋಗ ಇದ್ದದ್ದು ಗಂಟಲಿನಿಂದ ಬಹಳ ಕೆಳಗೆ.

ಕೆಮ್ಮಿದರೆ, ಸೀನಿದರೆ, ನಕ್ಕರೆ, ಕೊಡ ಎತ್ತಿದರೆ ನನಗೆ ಮೂತ್ರ ಸೋರುತ್ತಿತ್ತು.

ಅಂತೂ ಬರೆದೆ. ಈ ಒಂದು ಸಾಲು ಬರೆಯುವ ಮೊದಲು ಎರಡು ಸಲ ಎದ್ದು ಹೋಗಿ ಒಲೆ ನೋಡಿ ಬಂದೆ. ಒಲೆ ಹೊತ್ತಿಸಿಯೇ ಇರಲಿಲ್ಲ.

ನಾನು ಎಷ್ಟು ನಾಚಿಕೆಯವಳು ಎಂದು ನಿಮಗೆ ಪೂರ್ತಿ ಗೊತ್ತಿಲ್ಲ. ಹಿರೇಗುತ್ತಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಅಲ್ಲಿ ಮಾಸ್ತರರಿಗೆ ಕಿರುಬೆರಳು ತೋರಿಸಿದರೆ ಹೊರಗೆ ಬಿಡುತ್ತಿದ್ದರು. ಆ ಬೆರಳು ಎತ್ತುವುದಕ್ಕೂ ನನಗೆ ನಾಚಿಕೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ನನ್ನ ಪರವಾಗಿ ತನ್ನ ಬೆರಳು ಎತ್ತುತ್ತಿದ್ದಳು. ಅವಳಿಗೆ ಅಪ್ಪಣೆ ಸಿಕ್ಕಿದಾಗ ಅವಳ ಜೊತೆಗೆಂದು ನಾನು ಹೋಗುತ್ತಿದ್ದೆ. ಮಾಸ್ತರರು ಅವಳಿಗೆ ಏನೋ ಕಾಯಿಲೆ ಇದೆ ಎಂದುಕೊಂಡು ಅವಳ ಅಪ್ಪನಿಗೆ ಹೇಳಿ ಕಳಿಸಿದ್ದರಂತೆ. ಹೀಗೆ ಬೇರೆಯವರ ಮೇಲೆ ಹೊರಿಸುವ ಅಭ್ಯಾಸ ನನಗೆ ಮೊದಲಿನಿಂದಲೇ ಇತ್ತು. ಆಗ ಗೆಳತಿ, ಈಗ ಗಂಟಲು.

ಇದು ಯಾವಾಗ ಶುರುವಾಯಿತು ಎಂದರೆ ಸರಿಯಾಗಿ ಹೇಳಲಾರೆ. ನಿಮ್ಮ ಅಪ್ಪ ಹುಟ್ಟುವಾಗಲೇ ದೊಡ್ಡ ಕೂಸು. ಅವನ ಹಿಂದೆ ಇನ್ನೆರಡು ಹೆರಿಗೆ. ಬಾಣಂತನದ ಬಿಸಿನೀರು ಆರುವ ಮೊದಲೇ ಗದ್ದೆಗೆ ಇಳಿದು ಹುಲ್ಲಿನ ಹೊರೆ ಹೊತ್ತವಳು ನಾನು. ಮೊದಮೊದಲು ಮಳೆಗಾಲದ ಕೆಮ್ಮಿನಲ್ಲಿ ಮಾತ್ರ ಒಂದೆರಡು ಹನಿ. ಮಳೆಗಾಲ ನನಗೆ ಅನುಕೂಲದ ಕಾಲವಾಗಿತ್ತು ಅನ್ನಿ. ನಟ್ಟಿ ಗದ್ದೆಯಲ್ಲಿ ಎಲ್ಲರೂ ಸೊಂಟದವರೆಗೆ ಒದ್ದೆ. ಅಲ್ಲಿ ನಾನೂ ಎಲ್ಲರಂತೆ. ಕಷ್ಟವಾದದ್ದು ಬೇಸಿಗೆಯಲ್ಲಿ. ಮುಟ್ಟು ನಿಂತ ಮೇಲಂತೂ ಹನಿಗಳು ಹೆಚ್ಚಾದವು. ಹಳೆ ಸೀರೆಯನ್ನು ಹರಿದು ಮಡಿಸಿ ಇಟ್ಟುಕೊಳ್ಳುತ್ತಿದ್ದೆ. ಆ ಬಟ್ಟೆಗಳನ್ನು ಒಗೆದು ಹಗ್ಗದ ಮೇಲೆ ಹರವಿ, ಮೇಲಿಂದ ಒಂದು ಸೀರೆ ಮುಚ್ಚುತ್ತಿದ್ದೆ. ಬಿಸಿಲು ಕಾಣದೆ ಅವು ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಅರ್ಧ ಒದ್ದೆಯ ಬಟ್ಟೆ ಕಟ್ಟಿಕೊಂಡು ತೊಡೆಯೆಲ್ಲ ಕೆರೆತ. ಅದಕ್ಕೆ ಕೊಬ್ಬರಿ ಎಣ್ಣೆ. ಎಣ್ಣೆಯ ಕಲೆ ಹೋಗಲಿಕ್ಕೆ ಮತ್ತೆ ಸೋಪು. ಒಂದು ಹನಿಯ ಹಿಂದೆ ಎಷ್ಟು ಕೆಲಸ ನೋಡಿ.

ಭಟ್ಕಳದಿಂದ ಕುಮಟೆಗೆ ಹೋಗುವ ದಾರಿಯನ್ನು ಬೇರೆಯವರು ಊರುಗಳ ಹೆಸರಿನಿಂದ ಗುರುತಿಸಿದರೆ ನಾನು ರಸ್ತೆಯ ಉಬ್ಬುಗಳಿಂದ ಗುರುತಿಸುತ್ತಿದ್ದೆ. ಯಾವ ಬಸ್ ನಿಲ್ದಾಣದ ಪಾಯಖಾನೆಗೆ ಚಿಲಕ ಇದೆ, ಯಾವುದಕ್ಕೆ ಒಳಗಿನಿಂದ ಕಾಲು ಕೊಟ್ಟು ಹಿಡಿಯಬೇಕು, ಎಲ್ಲವೂ ಬಾಯಿಪಾಠ. ಬಸ್ಸಿನಲ್ಲಿ ಹಿಂದಿನ ಸೀಟು ಪುಕ್ಕಟೆ ಕೊಟ್ಟರೂ ಬೇಡ. ಹೊನ್ನಾವರಕ್ಕೆ ಮೊದಲು ಕಾಸರಕೋಡ ಬಂದು ಒಣಮೀನಿನ ವಾಸನೆ ಕಿಟಕಿಯಿಂದ ನುಗ್ಗಿದಾಗ ಪರವೂರಿನವರು ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಆಗ ನಾನೊಬ್ಬಳು ನಿರಾಳವಾಗಿ ಉಸಿರು ಬಿಡುತ್ತಿದ್ದೆ. ಆ ವಾಸನೆಯ ಮುಂದೆ ನನ್ನದು ಯಾರ ಮೂಗಿಗೂ ತಟ್ಟುವುದಿಲ್ಲ ಎಂಬ ಸಮಾಧಾನ.

ಇಷ್ಟಕ್ಕೇ ನಿಂತಿದ್ದರೆ ಸಹಿಸಿಕೊಂಡು ಹೋಗುತ್ತಿದ್ದೆ. ಆದರೆ ಅದು ಹಾಡಿಗೂ ಕೈ ಹಾಕಿತು.

ನಮ್ಮ ಕಡೆಯ ಮದುವೆಹಾಡು ನಿಮಗೆ ಗೊತ್ತಿದ್ದದ್ದೇ. ಒಬ್ಬಳು ಒಂದು ಸಾಲು ಹೇಳಬೇಕು, ಇನ್ನೊಬ್ಬಳು ಅದನ್ನು ಎತ್ತಿಕೊಂಡು ತಿರುಗಿ ಹೇಳಬೇಕು. ನಡುವೆ ಉಸಿರಿನಷ್ಟೂ ಸಂದು ಬೀಳಬಾರದು. ಹೆಬಳೆಗೆ ನಾನು ಸೊಸೆಯಾಗಿ ಬಂದ ಮೇಲೆ, ನನ್ನ ಸಾಲನ್ನು ಎತ್ತುವವಳು ನನ್ನ ವಾರಗಿತ್ತಿ ಮಾದೇವಿ, ನಿಮ್ಮ ಸಣ್ಣಜ್ಜಿ. ಇಬ್ಬರೂ ಸೇರಿ ಎಷ್ಟು ಮದುವೆಗಳಲ್ಲಿ ಹಾಡಿದ್ದೇವೋ ಲೆಕ್ಕ ಇಟ್ಟಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ಮದುವೆಮನೆಯಲ್ಲಿ ನನ್ನ ಕೆಲಸಗಳು ಒಂದೊಂದಾಗಿ ಕಡಿಮೆಯಾದವು. ಆರತಿ ನನ್ನ ಕೈಗೆ ಬರಲಿಲ್ಲ, ಕಳಶ ಬರಲಿಲ್ಲ. ಯಾರೂ ಕೆಟ್ಟ ಮಾತು ಆಡಲಿಲ್ಲ. ತಟ್ಟೆ ನನ್ನ ಪಕ್ಕದಿಂದ ದಾಟಿ ಹೋಗುತ್ತಿತ್ತು, ಅಷ್ಟೇ. ಹಾಡನ್ನು ಮಾತ್ರ ಯಾರೂ ಬೇಡ ಎನ್ನಲಿಲ್ಲ. ಮದುವೆಮನೆಯಲ್ಲಿ ನನಗೆ ಉಳಿದ ಜಾಗ ಹಾಡುವವರ ಚಾಪೆಯ ಮೇಲಿನದೊಂದೇ.

ಆ ಚಾಪೆಗೆ ಒಂದು ನಿಯಮ ಇದೆ. ಹಾಡು ಹಿಡಿದವಳು ಹಾಡು ಮುಗಿಯುವವರೆಗೆ ಏಳಬಾರದು. ನಡುವೆ ಎದ್ದರೆ ಮದುಮಕ್ಕಳ ಬಾಳು ನಡುವೆ ನಿಂತಂತೆ ಎಂದು ಹಿರಿಯರು ಹೆದರಿಸಿ ಇಟ್ಟಿದ್ದಾರೆ.

ಕೆಲವು ವರ್ಷಗಳ ಹಿಂದೆ ನೆರೆಮನೆಯ ಹುಡುಗಿಯ ಮದುವೆ. ಬೀಗರನ್ನು ಗೇಲಿ ಮಾಡುವ ಹಾಡು ನಡೆದಿತ್ತು. ವರನ ಸೋದರಮಾವ ಎದುರಿಗೇ ಕೂತಿದ್ದ, ದೊಡ್ಡ ಮೀಸೆಯವ. ಮಾದೇವಿಗೆ ಆ ಹೊತ್ತಿಗೆ ಏನು ಹೊಳೆಯಿತೋ, ಆ ಮೀಸೆಯಲ್ಲಿ ಗುಬ್ಬಿ ಗೂಡು ಕಟ್ಟಿದೆ ಎಂದು ತನ್ನದೇ ಒಂದು ಸಾಲು ಸೇರಿಸಿ ಎತ್ತಿದಳು. ಆ ಮನುಷ್ಯ ಕೈಯಿಂದ ಮೀಸೆ ಮುಟ್ಟಿ ನೋಡಿಕೊಂಡ. ನನಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆಗೆ ಉಳಿದದ್ದೂ ತಡೆಯಲಿಲ್ಲ. ಈ ಸಲ ಹನಿಯಲ್ಲ. ಬಟ್ಟೆ ದಾಟಿ ಸೀರೆಗೆ ಬಂದದ್ದು ನನಗೇ ಗೊತ್ತಾಯಿತು.

ಹಾಡು ಮುಗಿದರೆ ಏಳಬೇಕು. ಎದ್ದರೆ ಕಾಣುತ್ತದೆ. ಆದ್ದರಿಂದ ಹಾಡು ಮುಗಿಯಲೇ ಬಾರದು.

ಅಂದು ನಾನು ಹಾಡಿದಷ್ಟು ಯಾವತ್ತೂ ಹಾಡಿಲ್ಲ. ಬೀಗರ ಹಾಡಿನ ಬಾಲಕ್ಕೆ ಹಸೆಯ ಹಾಡು ಕಟ್ಟಿದೆ, ಅದರ ಬಾಲಕ್ಕೆ ಎಲೆ ಅಡಿಕೆಯ ಹಾಡು. ಗೊತ್ತಿದ್ದ ಮದುವೆಹಾಡೆಲ್ಲ ಮುಗಿಯಿತು, ಸೀರೆ ಇನ್ನೂ ಆರಿರಲಿಲ್ಲ. ನಾಲಿಗೆಗೆ ಸಿಕ್ಕಿದ್ದನ್ನು ತೆಗೆದೆ. ಅದು ತೊಟ್ಟಿಲ ಹಾಡು. ಮಾದೇವಿ ಸಾಲು ಎತ್ತಿಕೊಂಡಳು, ಆದರೆ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು.

"ಅಕ್ಕಾ, ತೊಟ್ಲ ಹಾಡು ಎಂತಕ್ಕೆ ತೆಗ್ದೆ? ಇನ್ನೂ ಧಾರೆ ಆಗ್ಲಿಲ್ಲ."

ನಾನು ಹಾಡಿನ ಕೂಸನ್ನು ಮಲಗಿಸಿದ ಮೇಲೆಯೇ ನಿಲ್ಲಿಸಿದ್ದು. ಅಷ್ಟರಲ್ಲಿ ಎಲ್ಲರೂ ಧಾರೆಯ ಮಂಟಪದ ಕಡೆಗೆ ಹೋಗಿದ್ದರು. ಸೀರೆ ಕಡು ಹಸಿರಿನದಾದ್ದರಿಂದ ಬಚಾವಾದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಹುಡುಗಿಗೆ ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಅವಳಿ ಮಕ್ಕಳಾದವು. ಮದುವೆಯಲ್ಲಿ ತೊಟ್ಟಿಲ ಹಾಡು ಬಿದ್ದದ್ದೇ ಕಾರಣ ಎಂದು ಅವಳ ಅತ್ತೆ ಊರೆಲ್ಲ ಹೇಳಿಕೊಂಡು ಬಂದಳು. ಎಂದೂ ಆರತಿ ತಟ್ಟೆ ನನ್ನ ಕಡೆಗೆ ಚಾಚದ ಮನೆಗಳಿಂದ ಕರೆ ಬರಲಿಕ್ಕೆ ಶುರುವಾಯಿತು. ನಮ್ಮ ಮಗಳ ಮದುವೆಗೂ ಬನ್ನಿ, ಆ ತೊಟ್ಟಿಲ ಹಾಡು ಹೇಳಲೇಬೇಕು. ನನಗೆ ಹಾಡಲು ಬಂದ ಕರೆಗಳೆಲ್ಲ ಸೋರಲು ಬಂದ ಕರೆಗಳ ಹಾಗೆ ಕೇಳಿಸುತ್ತಿದ್ದವು. ಆಗ ನನ್ನ ಬಾಯಿಂದ ಬಂದ ಮಾತು, ಗಂಟಲು ಸರಿಯಿಲ್ಲ.

ಗಂಟಲು ಸರಿಯಿಲ್ಲ ಎಂದರೆ ನಮ್ಮೂರಿನವರು ಸುಮ್ಮನೆ ಬಿಡುತ್ತಾರೆಯೇ? ಕಾಳುಮೆಣಸಿನ ಕಷಾಯ, ಶುಂಠಿ ಕಷಾಯ, ಜೀರಿಗೆ ಕಷಾಯ. ನಾವು ಬಸಳೆ, ಹರಿವೆ ಕೊಡುವ ಮನೆಯ ಫಾತಿಮಾಬಿ ಕಲ್ಲುಸಕ್ಕರೆ ಹಾಕಿ ಕಾಯಿಸಿದ ಹಾಲನ್ನು ಎದುರಿಗೆ ನಿಂತು ಕುಡಿಸಿದರು. ಹೊರಗೆ ಹೋಗುವ ದಿನ ನೀರು ಮುಟ್ಟದೆ ಇರುವುದು ನನ್ನ ಉಪಾಯ. ಈಗ ಮನೆಮನೆಯಲ್ಲೂ ಲೋಟ ತುಂಬ ಔಷಧಿ. ಸೋರುವುದನ್ನು ಮುಚ್ಚಲಿಕ್ಕೆ ಹೇಳಿದ ಸುಳ್ಳು ಸೋರುವುದನ್ನೇ ಹೆಚ್ಚು ಮಾಡಿತು. ಸುಳ್ಳು ನಿಜವೆನಿಸಲೆಂದು ನಡುನಡುವೆ ಕೆಮ್ಮಬೇಕಾಗಿತ್ತು ಬೇರೆ. ಕೆಮ್ಮಿದರೆ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ.

ಮಾದೇವಿಗೂ ಇದೇ ಸುಳ್ಳು ಹೇಳಿದೆ. ಅವಳಿಗೆ ಬೇರೆ ಜೊತೆ ಹುಡುಕಿಕೊಳ್ಳಲು ಹೇಳಿದಾಗ ಒಂದೇ ಮಾತು ಅಂದಳು.

"ನೀ ಇಲ್ದೆ ನಾ ಯಾರ ಸಾಲು ಎತ್ಕಣ್ಲಿ?"

ಅವಳೂ ಹಾಡು ಬಿಟ್ಟಳು. ಬರುಬರುತ್ತ ನಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡಿದಳು.

ಹೀಗಿರುವಾಗ ಸಹನಾ, ನಿನ್ನ ಮದುವೆ ನಿಶ್ಚಯವಾಯಿತು. ಹುಡುಗನ ಮನೆ ಕಟ್ಟಿ ಮುಗಿಯಲಿ ಎಂದು ಮುಂದಿನ ವರ್ಷಕ್ಕೆ ಇಟ್ಟರು. ವೀಳ್ಯ ಬದಲಾಯಿಸಿದ ದಿನವೇ ನೀನು ಎಲ್ಲರ ಎದುರು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ಅರಿಶಿಣಕ್ಕೆ ಸ್ಪೀಕರ್ ಹಚ್ಚುಕೆ ನಾ ಬಿಡೂದಿಲ್ಲ. ಅಜ್ಜಿ ಹಾಡ್ಲಿ. ಇಲ್ದಿದ್ರೆ ಎಲ್ಲರೂ ಸುಮ್ನೆ ಕೂತ್ಕಣ್ಲಿ." ಎಲ್ಲರೂ ನಕ್ಕರು. ನನಗೆ ಮಾತ್ರ ನಿನ್ನ ಅರಿಶಿಣದ ಅಂಗಳ ಸುಮ್ಮನೆ ಕೂತಿರುವುದು ಕಣ್ಣಿಗೆ ಕಟ್ಟಿತು. ಹಾಡಿದರೆ ನಮ್ಮ ಬೀಗರ ಎದುರು ಒದ್ದೆಯಾಗಬೇಕು. ಹಾಡದಿದ್ದರೆ ನನ್ನ ಮೊಮ್ಮಗಳ ಮದುವೆಯಲ್ಲೇ ನನಗೆ ಜಾಗ ಇಲ್ಲ.

ನಿಮ್ಮ ಅಮ್ಮ ಶೋಭಾ ನನ್ನನ್ನು ಹೊನ್ನಾವರದ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬೇಡ ಎನ್ನಲು ನನ್ನಲ್ಲಿ ಕಾರಣ ಉಳಿದಿರಲಿಲ್ಲ. ಡಾಕ್ಟರು ದೀಪ ಹಚ್ಚಿ ಬಾಯೊಳಗೆ ನೋಡಿದರು, ಆ ಅನ್ನಿ, ಈ ಅನ್ನಿ ಎಂದರು. ಆಮೇಲೆ ಜೋರಾಗಿ ಕೆಮ್ಮಿ ಎಂದರು. ನಾನು ಕೆಮ್ಮಿದ್ದು ಬೆಕ್ಕಿನ ಮರಿಯ ಹಾಗೆ. ಇನ್ನೂ ಜೋರಾಗಿ ಎಂದರು. ಕಾಲಿನ ಮೇಲೆ ಕಾಲು ಹಾಕಿ ಬಿಗಿಹಿಡಿದು ಇನ್ನೊಂದು ಮರಿ ಕೆಮ್ಮು ಕೆಮ್ಮಿದೆ. ಅವರು ದೀಪ ಆರಿಸಿ, ಅಮ್ಮ, ಇಷ್ಟು ಒಳ್ಳೆಯ ಗಂಟಲು ನಾನು ಇತ್ತೀಚೆಗೆ ನೋಡಿಲ್ಲ ಎಂದರು. ರೋಗ ಇಲ್ಲ ಎಂದು ಕೇಳಿ ಅಷ್ಟು ಬೇಜಾರು ಮಾಡಿಕೊಂಡ ರೋಗಿಯನ್ನೂ ಅವರು ನೋಡಿರಲಿಕ್ಕಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಶೋಭಾ ರಸ್ತೆಯನ್ನೇ ನೋಡುತ್ತ ಕೇಳಿದಳು.

"ಅತ್ತೆ, ಕೆಮ್ಮುಕೆ ಎಂತಕ್ಕೆ ಹೆದರ್ತ್ರಿ?"

ಬಸ್ಸಿಗೆ ಹೊತ್ತಾಯಿತು ಎಂದೆ.

"ಸೀರೆ ಅಡಿಗೆ ಒಣಗೂ ಬಟ್ಟೆ ನಾ ನೋಡಿದ್ದೆ. ಕೇಳಿದ್ರೆ ನಿಮ್ಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ. ಪ್ರಜ್ವಲ ಹುಟ್ಟಿದ ಮೇಲೆ ನಂಗೂ ಸ್ವಲ್ಪ ದಿನ ಹಂಗೇ ಆಗಿತ್ತು."

ನಾನು ಅವಳ ಕೈ ಹಿಡಿದುಕೊಂಡೆ. ಒಂದೇ ಮನೆಯಲ್ಲಿ, ಒಂದೇ ಹಗ್ಗಕ್ಕೆ ಬಟ್ಟೆ ಹಾಕುತ್ತ, ಇಬ್ಬರೂ ಇಷ್ಟು ವರ್ಷ ಒಬ್ಬರಿಗೊಬ್ಬರು ಬೇಜಾರು ಮಾಡದೆ ಇದ್ದೆವು.

ಕುಮಟೆಯಲ್ಲಿ ಹೆಂಗಸರ ಡಾಕ್ಟರೊಬ್ಬರ ಹತ್ತಿರ ಹೋದೆವು. ಅಲ್ಲಿ ನಾನು ಮಾಡಿದ ಮೊದಲ ಕೆಲಸ, ಎಲ್ಲಿ ಹೋದರೂ ಮಾಡುವ ಹಾಗೆ, ಒಳಗೆ ಕರೆಯುವ ಮೊದಲು ಪಾಯಖಾನೆಗೆ ಹೋಗಿ ಬಂದದ್ದು. ಡಾಕ್ಟರಮ್ಮ ಎಲ್ಲ ಕೇಳಿ, ಸರಿ, ಈಗ ಪರೀಕ್ಷೆ ಮಾಡುವ, ಮೂತ್ರದ ಚೀಲ ತುಂಬಿರಬೇಕು, ಮಲಗಿ ಜೋರಾಗಿ ಕೆಮ್ಮಬೇಕು ಎಂದರು. ಚೀಲ ಖಾಲಿ. ಜೀವಮಾನದಲ್ಲಿ ಮೊದಲ ಸಲ ನನ್ನ ಮೂತ್ರ ಯಾರಿಗೋ ಬೇಕಾಗಿತ್ತು, ಅಂದೇ ನಾನು ಚೆಲ್ಲಿ ಬಂದಿದ್ದೆ. ಹೊರಗೆ ಕೂತು ಬಾಟಲಿ ನೀರು ಕುಡಿದು ಕಾದೆವು. ನಾಚಿಕೆ ಸಾಕಷ್ಟು ಖರ್ಚಾದದ್ದು ಆ ಬೆಂಚಿನ ಮೇಲೆಯೇ. ಒಳಗೆ ಹೋಗುವಾಗ ಹೆಚ್ಚು ಉಳಿದಿರಲಿಲ್ಲ. ಮಲಗಿ ಕೆಮ್ಮಿದೆ. ಎಷ್ಟೋ ವರ್ಷಗಳಿಂದ ನುಂಗಿದ ಕೆಮ್ಮೆಲ್ಲ ಒಟ್ಟಿಗೆ ಬಂತು. ಪರೀಕ್ಷೆಯಲ್ಲಿ ನಾನು ಸಂಪೂರ್ಣವಾಗಿ ಪಾಸಾದೆ.

ಡಾಕ್ಟರಮ್ಮ ಕೇಳಿದರು, ಮೊಣಕಾಲು ನೋವಿದ್ದರೆ ಹೇಳಲು ನಾಚುತ್ತಿದ್ದಿರಾ, ಇದಕ್ಕೆ ಯಾಕೆ? ಈ ರೋಗಕ್ಕೆ ಒತ್ತಡದಿಂದ ಸೋರುವುದು ಎನ್ನುತ್ತಾರಂತೆ. ಮನಸ್ಸಿನ ಒತ್ತಡವಲ್ಲ, ಕೆಮ್ಮಿದಾಗ, ನಕ್ಕಾಗ ಹೊಟ್ಟೆ ಕೆಳಗೆ ಒತ್ತುತ್ತದಲ್ಲ, ಆ ಒತ್ತಡ. ಮೂತ್ರ ಬರುವ ನಾಳಕ್ಕೆ ಅಡಿಯಿಂದ ಆಧಾರ ಕೊಡುವ ಸ್ನಾಯುಗಳು ಹೆರಿಗೆಯಿಂದ, ಹೊರೆಯಿಂದ, ವಯಸ್ಸಿನಿಂದ ಸಡಿಲವಾಗಿರುತ್ತವೆ.

ಅವರು ಚಿತ್ರ ಬರೆದು ತೋರಿಸಿದರು. ನನಗೆ ಚಿತ್ರಕ್ಕಿಂತ ಮೊದಲು ನಮ್ಮ ಹರಿವೆ ಮಡಿ ಕಾಣಿಸಿತು. ಮಡಿಗೆ ನೀರು ಬಿಡುವಾಗ ಪೈಪಿನ ಮೇಲೆ ಕಾಲಿಟ್ಟು ನೀರು ನಿಲ್ಲಿಸುತ್ತೇವಲ್ಲ. ಗಟ್ಟಿ ನೆಲದ ಮೇಲೆ ಪೈಪ್ ಇದ್ದರೆ ಒತ್ತಿದ ಕೂಡಲೇ ನೀರು ನಿಲ್ಲುತ್ತದೆ. ಮೆತ್ತನೆ ಕೆಸರಿನ ಮೇಲಿದ್ದರೆ ಎಷ್ಟು ತುಳಿದರೂ ಪೈಪೇ ಒಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಹಾಗೋ ಎಂದು ಕೇಳಿದೆ. ಡಾಕ್ಟರಮ್ಮ ಸಂತೋಷಪಟ್ಟು, ಹಾಗೇ, ಇನ್ನು ಮೇಲೆ ನಾನೂ ಹೀಗೇ ಹೇಳುತ್ತೇನೆ ಎಂದರು.

ಮೊದಲು ನೆಲ ಗಟ್ಟಿ ಮಾಡುವ ವ್ಯಾಯಾಮ. ಚೈತ್ರಾ, ಅದನ್ನು ಕಲಿಸಿದವಳು ಆಸ್ಪತ್ರೆಯ ಒಬ್ಬಳು ನಿನ್ನ ವಯಸ್ಸಿನ ಹುಡುಗಿ. ನಾಲ್ಕು ಜನರ ನಡುವೆ ಗಾಳಿ ತಡೆದುಕೊಳ್ಳುತ್ತೀರಲ್ಲ, ಹಾಗೆ ಬಿಗಿಹಿಡಿದು ಮೇಲಕ್ಕೆ ಎಳೆಯಿರಿ, ಉಸಿರು ಕಟ್ಟಬೇಡಿ, ಆಮೇಲೆ ಪೂರ್ತಿ ಸಡಿಲ ಬಿಡಿ ಎಂದಳು. ಮುಖದಲ್ಲಿ ನಗು ಇಲ್ಲದೆ ಹೇಳಿದಳು, ದೇವರು ಅವಳಿಗೆ ಒಳ್ಳೆಯದು ಮಾಡಲಿ. ನೀರು ಕಡಿಮೆ ಕುಡಿಯುವ ಉಪಾಯವನ್ನೂ ಬಿಡಿಸಿದಳು. ಮೂತ್ರ ಖಾರವಾಗಿ ಚೀಲಕ್ಕೇ ಉಪದ್ರವಂತೆ. ಎಣಿಸುವುದು ನನಗೆ ಆಗದ ಕೆಲಸವಾದ್ದರಿಂದ ಹಾಡಿನ ಮೇಲೆ ಅಳತೆ ಇಟ್ಟುಕೊಂಡೆ. ಮನಸ್ಸಿನಲ್ಲಿ ನನ್ನ ಸಾಲು ಬರುವಾಗ ಬಿಗಿ, ಮಾದೇವಿ ಎತ್ತುವಾಗ ಸಡಿಲ. ಹಾಡು ಬಿಟ್ಟ ಮಾದೇವಿ ನನ್ನೊಳಗೆ ದಿನಾ ಹಾಡುತ್ತಿದ್ದಳು. ಅಕ್ಕಿ ಆರಿಸುವಾಗ, ಬಸ್ಸಿಗೆ ಕಾಯುವಾಗ, ನೀವು ಮೂವರೂ ಎದುರಿಗೆ ಇರುವಾಗಲೂ ಮಾಡಿದ್ದೇನೆ. ಅಜ್ಜಿ ಟಿವಿಯಲ್ಲಿ ಮುಳುಗಿದ್ದಾಳೆ ಎಂದುಕೊಂಡಿರಿ.

ಕೆಲವು ತಿಂಗಳಲ್ಲಿ ಅರ್ಧಕ್ಕರ್ಧ ಕಡಿಮೆಯಾಯಿತು. ಕೊಡ ಎತ್ತಿದರೆ ಬರುತ್ತಿರಲಿಲ್ಲ, ಬಸ್ಸಿನ ಉಬ್ಬು ಹಾರಿದರೆ ಬರುತ್ತಿರಲಿಲ್ಲ. ಇಷ್ಟರಲ್ಲೇ ಪೂರ್ತಿ ಸರಿಯಾಗುವವರೂ ಇದ್ದಾರಂತೆ. ನನಗೆ ಸೀನು, ನಗು ಮತ್ತು ಹಾಡಿನ ಎತ್ತರದ ಸಾಲು ಉಳಿದುಬಿಟ್ಟವು. ಮದುವೆಮನೆಯಲ್ಲಿ ಇರುವುದೇ ಅವು ಮೂರು.

ಡಾಕ್ಟರಮ್ಮ ಮುಂದಿನ ದಾರಿಗಳನ್ನು ಬಿಡಿಸಿ ಹೇಳಿದರು. ಒಳಗೆ ಇಟ್ಟುಕೊಳ್ಳುವ ರಬ್ಬರಿನಂಥ ಬಳೆ ಒಂದು. ಬೇಕಾದಾಗ ಇಡಬಹುದು, ತೆಗೆಯಬಹುದು, ತೊಳೆಯುತ್ತಿರಬೇಕು. ಇನ್ನೊಂದು, ನಾಳದ ಗೋಡೆಗೆ ಸೂಜಿಯಿಂದ ಮಂದದ ಔಷಧಿ ತುಂಬಿ ಬಾಯಿ ಕಿರಿದು ಮಾಡುವುದು. ಕೊಯ್ಯುವುದಿಲ್ಲ, ಆದರೆ ಬರುಬರುತ್ತ ಅದರ ಬಲ ಇಳಿಯಬಹುದು, ಮತ್ತೆ ಚುಚ್ಚಿಸಿಕೊಳ್ಳಬೇಕಾದೀತು. ಮೂರನೆಯದು, ನಾಳದ ಅಡಿಗೆ ಸಪೂರ ಬಲೆಯಂಥ ಒಂದು ಪಟ್ಟಿಯನ್ನು ತೊಟ್ಟಿಲಿನ ಹಾಗೆ ಕೂರಿಸುವುದು. ಸಣ್ಣ ಗಾಯ, ಸ್ವಲ್ಪ ಹೊತ್ತಿನ ಕೆಲಸ, ಹೆಚ್ಚಿನವರಿಗೆ ಒಳ್ಳೆಯ ಗುಣ. ಆದರೆ ಅದರ ತೊಂದರೆಗಳನ್ನೂ ಅವರು ಮುಚ್ಚಿಡಲಿಲ್ಲ. ಕೆಲವರಿಗೆ ಮೂತ್ರ ಹೋಗಲು ಕಷ್ಟವಾಗುತ್ತದೆ, ಕೆಲವರಿಗೆ ನೋವು ಉಳಿಯುತ್ತದೆ, ಅಪರೂಪಕ್ಕೆ ಪಟ್ಟಿ ಒಳಗೆ ಸವೆದು ಹೊರಗೆ ಕಾಣಿಸಿಕೊಂಡು ಮತ್ತೆ ಆಪರೇಷನ್ ಮಾಡಬೇಕಾಗುತ್ತದೆ, ತೆಗೆಯುವುದು ಹಾಕಿದಷ್ಟು ಸುಲಭವಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಯಾವ್ದು ಮಾಡ್ಸಿದ್ರೆ ಧೈರ್ಯವಾಗಿ ಸೀನುಕೆ ಆಗ್ತದೆ?"

ಯಾವುದಕ್ಕೂ ಖಾತ್ರಿ ಕೊಡಲಾರೆ, ಮದುವೆ ಬಂತೆಂದು ಅವಸರ ಮಾಡಬೇಡಿ, ಮನೆಗೆ ಹೋಗಿ ಯೋಚಿಸಿ ಎಂದರು. ಶೋಭಾಳಿಗೆ ಸೂಜಿಯ ದಾರಿ ಇಷ್ಟವಾಗಿತ್ತು. ನಾನು ಶರಾವತಿಯ ಸೇತುವೆ ದಾಟುವಾಗಲೆಲ್ಲ ಯೋಚಿಸಿದೆ. ಕೆಳಗೆ ಅಷ್ಟು ನೀರು ಹರಿಯುತ್ತಿದ್ದರೆ ಬೇರೆ ಯಾವ ವಿಷಯ ಹೊಳೆಯುತ್ತದೆ? ಕಡೆಗೆ ಹರಿವೆ ಮಡಿಯೇ ತೀರ್ಮಾನ ಹೇಳಿತು. ಕೆಸರಿನಲ್ಲಿ ಪೈಪ್ ಇಳಿಯುವಾಗ ನಾವು ಮಾಡುವುದು ಏನು? ಅಡಿಗೆ ಒಂದು ಹಲಗೆ ಇಡುತ್ತೇವೆ. ಪಟ್ಟಿಯೇ ಆಗಲಿ ಎಂದೆ. ಒಂದು ವೇಳೆ ಕೆಟ್ಟರೆ ಸರಿಮಾಡಿಕೊಳ್ಳಲು ಸಮಯ ಇರಲಿ ಎಂದು ಮದುವೆಗೆ ಬಹಳ ಮೊದಲೇ ಮಾಡಿಸಿದೆವು.

ಬೆನ್ನಿಗೆ ಒಂದು ಸೂಜಿ ಕೊಟ್ಟರು, ಸೊಂಟದ ಕೆಳಗೆ ನಾನು ಯಾರೋ ಬೇರೆಯವಳಾದೆ. ಎಚ್ಚರವಾಗಿಯೇ ಇದ್ದೆ. ಡಾಕ್ಟರಮ್ಮ ಮತ್ತು ನರ್ಸ್ ಈ ವರ್ಷದ ಕುಮಟೆಯ ಸಿಹಿ ಈರುಳ್ಳಿ ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ಮಾತಾಡಿಕೊಂಡರು. ಒಂದು ಅನ್ನ ಬೇಯುವಷ್ಟು ಹೊತ್ತು ಆಗಿರಬಹುದು, ಮುಗಿಯಿತು ಎಂದರು. ಆಮೇಲೆ ತಮಾಷೆ. ತಾನಾಗಿ ಮೂತ್ರ ಪೂರ್ತಿ ಹೋದ ಮೇಲೆಯೇ ಮನೆಗೆ ಕಳಿಸುವುದು ಎಂದರು. ಬರುವುದಿಲ್ಲ. ಇಷ್ಟು ವರ್ಷ ಬಾರದಿರಲಿ ಎಂದು ಬೇಡಿಕೊಂಡ ದೇವರಿಗೇ ಅಂದು ಬರಲಿ ಎಂದು ಬೇಡಿಕೊಂಡೆ. ಅವನಿಗೂ ಗೊಂದಲವಾಗಿರಬೇಕು, ಮರುದಿನ ಬೆಳಿಗ್ಗೆ ವರ ಕೊಟ್ಟ.

ಮನೆಯಲ್ಲಿ ನಿಮಗೆ ಹೇಳಿದ್ದು ಗಂಟಲಿನ ಸಣ್ಣ ಆಪರೇಷನ್ ಎಂದು. ಚೈತ್ರಾ ಐಸ್‌ಕ್ರೀಂ ತಂದಳು. ಪ್ರಜ್ವಲ, ನಾನು ಮೆಟ್ಟಿಲು ಹತ್ತುವುದನ್ನು ನೋಡಿ ನೀನು ಕೇಳಿದೆ, ಗಂಟಲು ಆಪರೇಷನ್ ಆದರೆ ನಡೆಯಲು ಯಾಕೆ ಕಷ್ಟ ಎಂದು. ಗಂಟಲಿನ ನರ ಕಾಲಿನ ತನಕ ಬರುತ್ತದೆ ಎಂದು ಶೋಭಾ ತರಕಾರಿ ಹೆಚ್ಚುತ್ತಲೇ ಹೇಳಿಬಿಟ್ಟಳು. ವಿಜ್ಞಾನ ಓದಿದ ನೀನು ಅದನ್ನು ನಂಬಿದೆ.

ಭಾರ ಎತ್ತಬಾರದ ವಾರಗಳು ಮುಗಿದ ಮೇಲೆ ನಾನು ಮಾದೇವಿಯ ಮನೆಗೆ ಹೋಗಿ ಎಲ್ಲ ಹೇಳಿದೆ, ಮೀಸೆಯ ಸಾಲಿನಿಂದ ಪಟ್ಟಿಯವರೆಗೆ. ಅವಳು ತೆಂಗಿನಗರಿ ಸೀಳುತ್ತಿದ್ದಳು. ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ನಂಗೆ ಎಷ್ಟು ಬೇಜಾರಾಗಿತ್ತು ಗೊತ್ತಾ ಅಕ್ಕಾ? ನಾ ಆ ಮೀಸೆ ಸಾಲು ಸೇರ್ಸಿದ್ದು ನಿಂಗೆ ಸೇರ್ಲಿಲ್ಲ, ಅದ್ಕೇ ನನ್ನ ಸಂಗಡ ಹಾಡೂದು ಬಿಟ್ಟೆ ಅಂದ್ಕಂಡಿದ್ದೆ."

ನಾನು ಮುಚ್ಚಿದ್ದು ಒಂದು ಬಟ್ಟೆ ಎಂದುಕೊಂಡಿದ್ದೆ. ಅದರ ಅಡಿಗೆ ಇವಳೂ ಇಷ್ಟು ವರ್ಷ ಒಣಗದೆ ಇದ್ದಳು. ಮಾದೇವಿಯ ಮುಖದಲ್ಲಿ ನಿಧಾನವಾಗಿ ನಗು ಬಂತು.

"ಹಂಗಾರೆ ಆ ಅವಳಿ ಮಕ್ಳು ಹುಟ್ಟಿದ್ದು ಎಂತದ್ರಿಂದ ಹೇಳು?"

ಇಬ್ಬರೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು. ಅಭ್ಯಾಸಬಲದಿಂದ ನಾನು ಕಾಲು ಬಿಗಿಹಿಡಿದೆ. ಬಿಗಿಹಿಡಿಯುವ ಅಗತ್ಯ ಇರಲಿಲ್ಲ.

ಇನ್ನು ಉಳಿದದ್ದು ನೀವೇ ನೋಡಿದ್ದು. ಸಹನಾ, ನಿನ್ನ ಅರಿಶಿಣದ ದಿನ. ಒರಳಿನಲ್ಲಿ ಅರಿಶಿಣದ ಕೊಂಬು ಕುಟ್ಟುತ್ತಿದ್ದರು, ನಾನು ಮತ್ತು ಮಾದೇವಿ ಚಾಪೆಯ ಮೇಲೆ. ಎತ್ತರದ ಸಾಲಿಗೆ ನಾನು ಅಂಜುತ್ತಲೇ ಹತ್ತಿದೆ. ಅಷ್ಟರಲ್ಲಿ ಒನಕೆಯ ಏಟಿಗೆ ಎದ್ದ ಅರಿಶಿಣದ ಧೂಳು ನೇರ ನನ್ನ ಮೂಗಿಗೆ ಬಂತು. ಸೀನು. ಒಂದಲ್ಲ, ಮೇಲಿಂದ ಮೇಲೆ. ಸಾಲು ಅರ್ಧಕ್ಕೆ ಕಡಿಯಿತು ಅನ್ನುವಾಗ ಮಾದೇವಿ ಉಳಿದ ಅರ್ಧವನ್ನು ಎತ್ತಿಕೊಂಡು ಹೋದಳು. ಸಂದು ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ನಾನು ಕಣ್ಣು ಮುಚ್ಚಿ ಕೂತಿದ್ದೆ. 'ಭಕ್ತಿ' ಎಂದು ನಿನ್ನ ಅತ್ತೆ ಹೇಳಿದಳಂತೆ. ನಾನು ಸೀರೆಯ ಸುದ್ದಿ ಕಾಯುತ್ತಿದ್ದೆ. ಸುದ್ದಿ ಏನೂ ಬರಲಿಲ್ಲ.

ಹಾಡು ಮುಗಿದ ಕೂಡಲೇ, ಎಲ್ಲರಿಗಿಂತ ಮೊದಲು, ಎಲ್ಲರ ಎದುರಿಗೇ ಎದ್ದು ನಿಂತೆ. ಆಗ ನೀನು ಮಣೆಯ ಮೇಲಿಂದ ಕೇಳಿದೆ, "ಅಜ್ಜಿ, ಎಂತ ಬೇಕಾಗಿತ್ತು?"

"ಎಂತದೂ ಬೇಡ. ಸುಮ್ನೆ ಎದ್ದೆ."

ಆ ಸುಮ್ಮನೆ ಎಷ್ಟು ದೊಡ್ಡದೆಂದು ಈಗ ನಿಮಗೆ ಗೊತ್ತಾಯಿತು. ನಾನು ಪೂರ್ತಿ ಹೊಸ ಪೈಪಾಗಿದ್ದೇನೆ ಎಂದು ತಿಳಿಯಬೇಡಿ. ಕೆಟ್ಟ ನೆಗಡಿ ಬಂದರೆ ಈಗಲೂ ಅಪರೂಪಕ್ಕೆ ಒಂದು ಹನಿ ಉಂಟು. ವ್ಯಾಯಾಮ ಬಿಟ್ಟಿಲ್ಲ; ಇದನ್ನು ಬರೆಯುತ್ತಲೇ ನಡುನಡುವೆ ಮಾಡಿದ್ದೇನೆ.

ನಮ್ಮ ಹಾಡುಗಳಲ್ಲಿ ಬಸುರಿಯ ಬಯಕೆ ಇದೆ, ಹೆರಿಗೆಯ ನೋವಿದೆ, ಕೂಸಿನ ಮಲಮೂತ್ರವನ್ನು ಹೂವು ಪನ್ನೀರು ಎಂದು ಹೊಗಳುವುದೂ ಇದೆ. ಹೆತ್ತವಳಿಗೆ ಆಮೇಲೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಅದನ್ನು ಹಾಡಾಗಿ ಕಟ್ಟುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಕಾಗದದ ಮೇಲೆ ಬರೆಯುವಷ್ಟು ಬಂತು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪ್ರಜ್ವಲ, ನೀನೂ ಇಟ್ಟುಕೋ. ನಿನ್ನ ಮನೆಗೂ ಒಬ್ಬಳು ಬರುತ್ತಾಳೆ, ಕೆಮ್ಮುತ್ತಾಳೆ. ಪೆಟ್ಟಿಗೆಯ ತಳದಲ್ಲಿ ಸೀರೆಗಳ ಅಡಿಗೆ ಮಾತ್ರ ಇಡಬೇಡಿ. ನಮ್ಮ ಕಡೆಯ ಮಳೆಗೆ ಕಾಗದ ತೇವ ಹಿಡಿಯುತ್ತದೆ. ಮಳೆಗಾಲ ಮುಗಿದ ಕೂಡಲೇ ಹೊರಗೆ ತೆಗೆದು, ಅಂಗಳದ ಹಗ್ಗದ ಮೇಲೆ ಹರವಿ, ಮೇಲಿಂದ ಏನನ್ನೂ ಮುಚ್ಚದೆ, ಒಳ್ಳೆಯ ಬಿಸಿಲಿಗೆ ಹಾಕಿ. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ಓದಿದರೆ ಓದಲಿ.